ಲ್ಯಾಬಿನಲ್ಲಿ ಗೆದ್ದ ಐವರ್ಮೆಕ್ಟಿನ್ ಕೋವಿಡ್ ರೋಗಿಗೆ ಯಾಕೆ ನಾಟಲಿಲ್ಲ?

ಹುಳುಬಾಧೆಗೆ ಕೊಡುವ ಐವರ್ಮೆಕ್ಟಿನ್ ಮಾತ್ರೆ ಕೋವಿಡ್‌ಗೂ ಮದ್ದು ಎನ್ನುವವರು 2020ರ ಆಸ್ಟ್ರೇಲಿಯಾದ ಲ್ಯಾಬ್ ಪ್ರಯೋಗವೊಂದನ್ನು ತೋರಿಸುತ್ತಾರೆ. ಎಡವಟ್ಟು ಇರೋದು ಪ್ರಮಾಣದಲ್ಲಿ. ಆ ಪ್ರಯೋಗದಲ್ಲಿ ತಟ್ಟೆಯಲ್ಲಿದ್ದ ಜೀವಕೋಶಗಳಿಗೆ ಹಾಕಿದ್ದು 5 ಮೈಕ್ರೋಮೋಲಾರ್ (ದ್ರವದಲ್ಲಿ ಔಷಧ ಎಷ್ಟು ಸಾಂದ್ರವಾಗಿದೆ ಅನ್ನೋ ಅಳತೆ). ಕೆಜಿ ತೂಕಕ್ಕೆ 200 ಮೈಕ್ರೋಗ್ರಾಂನ ಮಾಮೂಲಿ ಡೋಸ್ ನುಂಗಿದರೆ ರಕ್ತದಲ್ಲಿ ಸಿಗೋ ಸಾಂದ್ರತೆ ತಟ್ಟೆಯಲ್ಲಿದ್ದುದರ ಹತ್ತಿರಹತ್ತಿರ ನೂರನೇ ಒಂದು ಪಾಲು. ಆ ಮಟ್ಟ ಮುಟ್ಟಿಸಲು ಮಾತ್ರೆ ಹೆಚ್ಚಿಸಿದರೆ ಪೆಟ್ಟು ಬೀಳೋದು ನರಮಂಡಲಕ್ಕೆ: ಮಂಪರು, ತೂರಾಟ, ಫಿಟ್ಸ್.

ಐವರ್ಮೆಕ್ಟಿನ್ ಪರ ಮಾತಾಡುವವರ ಜೊತೆ ವಾದಕ್ಕಿಳಿಯುವ ಮುನ್ನ ಅವರು ಕೊಟ್ಟ ಲಿಂಕ್ ತೆರೆಯಿರಿ. ಪ್ರಯೋಗ ತಟ್ಟೆಯಲ್ಲೋ ಮನುಷ್ಯರಲ್ಲೋ? ಮನುಷ್ಯರಲ್ಲಾದರೆ, ಚೀಟಿ ಎತ್ತಿದ ಹಾಗೆ ಗುಂಪು ಹಂಚಿ ಒಂದಕ್ಕೆ ಪ್ಲಸೀಬೊ (ಔಷಧವಿಲ್ಲದ ಹುಸಿ ಮಾತ್ರೆ) ಕೊಟ್ಟಿದ್ದರೋ? ಬ್ರೆಜಿಲಿನ ಟುಗೆದರ್ ಪ್ರಯೋಗದಲ್ಲಿ ಹಾಗೆ 1358 ಮಂದಿಯನ್ನು ಹಂಚಿದ್ದರು. ಐವರ್ಮೆಕ್ಟಿನ್ ಪಡೆದವರಲ್ಲಿ ಆಸ್ಪತ್ರೆ ಸೇರುವವರ ಸಂಖ್ಯೆಯಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ. (ತೀರಾ ಸಣ್ಣ ಲಾಭವೂ ಇಲ್ಲವೆಂದು ಯಾವ ಪ್ರಯೋಗವೂ ಖಚಿತಪಡಿಸಲಾರದು, ಒಪ್ಪಿಕೊಳ್ಳಿ.) ಕೊನೆಗೆ, ಅವರು ಮೆಟಾ ವಿಶ್ಲೇಷಣೆ (ಹಲವು ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿದ ಲೆಕ್ಕ) ತೋರಿಸಿದರೆ 2021ರ ಜುಲೈನಲ್ಲಿ ವಾಪಸ್ ಪಡೆದ ಈಜಿಪ್ಟಿನ ಐವರ್ಮೆಕ್ಟಿನ್ ಪ್ರೀಪ್ರಿಂಟ್ (ಇತರ ತಜ್ಞರು ಪರಿಶೀಲಿಸುವ ಮುನ್ನವೇ ಹಾಕಿದ ವರದಿ) ಅದರ ಪಟ್ಟಿಯಲ್ಲಿದೆಯೇ ಹುಡುಕಿ; ಇದ್ದರೆ ಆ ಲೆಕ್ಕವನ್ನು ಅನುಮಾನದಿಂದಲೇ ನೋಡಿ.