ಕೀ ಇಲ್ಲದ ವಿಂಡೋಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯಕ್ಕೆ ಸಂಬಂಧಿಸಿದವು: ವಿಂಡೋಸ್ ಹಾಕಿದ್ದಾಗಿದೆ, ಲೈಸೆನ್ಸ್ ಕೀ (ಬಳಸುವ ಹಕ್ಕನ್ನು ಖಚಿತಪಡಿಸುವ 25 ಅಕ್ಷರದ ಸಂಕೇತ) ಇಲ್ಲ, ಮುಂದೇನು? ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಸರ್, ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಮಾವನ ಹಳೇ ಲ್ಯಾಪ್‌ಟಾಪ್ ನನಗೆ ಬಂತು. ತುಂಬಾ ಸ್ಲೋ ಇತ್ತು ಅಂತ ಅಂಗಡಿಯಲ್ಲಿ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಹೊಸದಾಗಿ ಹಾಕಿಸಿದೆ. ಈಗ ಸ್ಕ್ರೀನಿನ ಬಲಗಡೆ ಕೆಳಗೆ 'ಆ್ಯಕ್ಟಿವೇಟ್ ವಿಂಡೋಸ್' ಅಂತ ಮಬ್ಬಾಗಿ ಬರುತ್ತಿದೆ. ಇನ್ನಷ್ಟು ದುಡ್ಡು ಕೊಟ್ಟರೆ ತೆಗೆದುಕೊಡ್ತೀವಿ ಅಂತ ಅಂಗಡಿಯವರು ಹೇಳುತ್ತಾರೆ. ನನ್ನ ಗೆಳೆಯ, ಒಂದು ಸಾಫ್ಟ್‌ವೇರ್ ಇದೆ, ರನ್ ಮಾಡಿದರೆ ಸಾಕು ಅನ್ನುತ್ತಾನೆ. ಹಾಗೇ ಬಿಟ್ಟರೆ ಒಂದು ದಿನ ಲ್ಯಾಪ್‌ಟಾಪ್ ಬಂದ್ ಆಗಿ ಫೈಲೆಲ್ಲ ಹೋಗುತ್ತಾ?
(ವಿದ್ಯಾರ್ಥಿ, ರಾಣೆಬೆನ್ನೂರು)

ಉತ್ತರ: ಇಲ್ಲ, ಬಂದ್ ಆಗಲ್ಲ. ಫೈಲುಗಳೂ ಎಲ್ಲಿಗೂ ಹೋಗಲ್ಲ. ಈ ಭಯ ಹಳೇ ಕಾಲದಿಂದ ಉಳಿದುಕೊಂಡು ಬಂದದ್ದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ 30 ದಿನದೊಳಗೆ ಆ್ಯಕ್ಟಿವೇಟ್ ಮಾಡದಿದ್ದರೆ ಒಳಗೆ ಹೋಗಲಿಕ್ಕೇ ಬಿಡುತ್ತಿರಲಿಲ್ಲ. ವಿಂಡೋಸ್ 7ರಲ್ಲಿ ಡೆಸ್ಕ್‌ಟಾಪ್ ಕಪ್ಪಗಾಗಿ 'ಈ ಪ್ರತಿ ಅಸಲಿ ಅಲ್ಲ' ಅಂತ ಬರುತ್ತಿತ್ತು. ವಿಂಡೋಸ್ 10 ಮತ್ತು 11ರಲ್ಲಿ ಅಷ್ಟು ಬಿಗಿ ಇಲ್ಲ. ಮೂಲೆಯಲ್ಲಿ ಆ ಬರಹ ಇರುತ್ತದೆ, ಸೆಟ್ಟಿಂಗ್ಸ್‌ನ ಪರ್ಸನಲೈಸೇಶನ್ ಭಾಗಕ್ಕೆ ಬೀಗ ಬೀಳುತ್ತದೆ, ಅಂದರೆ ವಾಲ್‌ಪೇಪರ್, ಬಣ್ಣ, ಥೀಮ್ ಇತ್ಯಾದಿಗಳನ್ನು ಅಲ್ಲಿಂದ ಬದಲಿಸಲಿಕ್ಕಾಗಲ್ಲ. ಮಿಕ್ಕಂತೆ ಇಂಟರ್‌ನೆಟ್, ಟ್ಯಾಲಿ, ಪ್ರಿಂಟರ್ ಎಲ್ಲ ನಡೆಯುತ್ತದೆ. ವಿಂಡೋಸ್ 11 ಆದರೆ ಸೆಕ್ಯುರಿಟಿ ಅಪ್‌ಡೇಟ್ ಕೂಡ ಬರುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಬೇರೆ ವಿಷಯ. ನಿಮ್ಮದು ಲ್ಯಾಪ್‌ಟಾಪ್, ಮಾವ ಇಷ್ಟು ವರ್ಷ ಬಳಸಿದ್ದು. ಆಗ ಈ ಬರಹ ಇತ್ತಾ ಅಂತ ಅವರನ್ನೊಮ್ಮೆ ಕೇಳಿ. ಇರಲಿಲ್ಲ ಅಂದರೆ ಆ ಲ್ಯಾಪ್‌ಟಾಪಿಗೆ ಲೈಸೆನ್ಸ್ ಇರುವ ಸಾಧ್ಯತೆಯೇ ಜಾಸ್ತಿ. ಅದು ಹಳೇ ಹಾರ್ಡ್ ಡಿಸ್ಕಿನ ಜೊತೆ ಹೋಗಿಲ್ಲ. ವಿಂಡೋಸ್ 8ರಿಂದೀಚೆಗೆ ಕಂಪನಿಗಳು ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆದು ಕಳಿಸುತ್ತವೆ. ಅದಕ್ಕೂ ಮುಂಚೆ ಲ್ಯಾಪ್‌ಟಾಪಿನ ಹೊಟ್ಟೆಗೆ ಅಂಟಿಸಿದ ಸ್ಟಿಕ್ಕರಿನಲ್ಲಿ 25 ಅಕ್ಷರದ ಕೀ ಇರುತ್ತಿತ್ತು, ಕೈ ತಾಗಿ ತಾಗಿ ಅದು ಅಳಿಸಿಹೋಗುತ್ತಿತ್ತು. ಈಗ ಸ್ಟಿಕ್ಕರ್ ಇದ್ದರೂ ಅದರ ಮೇಲೆ ನಂಬರ್ ಇರಲ್ಲ. ವಿಂಡೋಸ್ ಹಾಕುವಾಗ ಸೆಟಪ್ ತಾನೇ ಆ ಚಿಪ್ಪನ್ನು ನೋಡಿ ಕೀ ತೆಗೆದುಕೊಳ್ಳುತ್ತದೆ, ನಿಮ್ಮನ್ನು ಕೇಳೋದೂ ಇಲ್ಲ.

ಹಾಗಾದರೆ ನಿಮಗ್ಯಾಕೆ ಆ ಬರಹ ಬಂತು? ತುಂಬಾ ಕಡೆ ಆಗುವುದು ಇದು: ಮನೆ ಬಳಕೆಯ ಲ್ಯಾಪ್‌ಟಾಪ್‌ಗಳಿಗೆ ಕಂಪನಿಯಿಂದ ಬರುವುದು ಸಾಮಾನ್ಯವಾಗಿ 'ಹೋಮ್' ಆವೃತ್ತಿಯ ಲೈಸೆನ್ಸ್. ಅಂಗಡಿಯವರ ಪೆನ್‌ಡ್ರೈವಿನಲ್ಲಿ ಇರುವುದು 'ಪ್ರೊ'. ಎಲ್ಲ ಗಿರಾಕಿಗಳಿಗೂ ಅದನ್ನೇ ಹಾಕಿ ಕಳಿಸುತ್ತಾರೆ. ಹೋಮ್ ಕೀ ಪ್ರೊಗೆ ಹೊಂದುವುದಿಲ್ಲ, ಹಾಗಾಗಿ ಬರಹ ಬರುತ್ತದೆ, ಆಮೇಲೆ ಅದನ್ನು ತೆಗೆಯಲಿಕ್ಕೆ ಮತ್ತೆ ದುಡ್ಡು! ಸೆಟ್ಟಿಂಗ್ಸ್, ಸಿಸ್ಟಂ, ಆ್ಯಕ್ಟಿವೇಶನ್ ಅಂತ ಒಳಗೆ ಹೋಗಿ (ವಿಂಡೋಸ್ 10 ಆದರೆ 'ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ' ಒಳಗೆ ಸಿಗುತ್ತದೆ). ಅಲ್ಲಿ ಪ್ರೊ ಅಂತ ಇದ್ದರೆ ನನ್ನ ಊಹೆ ಸರಿ. ಆಗ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಂಡು ಹೋಮ್ ಆವೃತ್ತಿಯನ್ನು ಹೊಸದಾಗಿ ಹಾಕಬೇಕು. ಪ್ರೊದಿಂದ ಹೋಮ್‌ಗೆ ಹಾಗೇ ಇಳಿಯಲಿಕ್ಕೆ ದಾರಿ ಇಲ್ಲ. ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸಿಕೊಡುವ ಮೀಡಿಯಾ ಕ್ರಿಯೇಶನ್ ಟೂಲ್ ಮೈಕ್ರೋಸಾಫ್ಟ್‌ನ ಸ್ವಂತ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, 8 ಜಿಬಿಯ ಖಾಲಿ ಪೆನ್‌ಡ್ರೈವ್ ಸಾಕು. ಹೋಮ್ ಹಾಕಿ ಇಂಟರ್‌ನೆಟ್‌ಗೆ ಕನೆಕ್ಟ್ ಮಾಡಿದರೆ ಅದರಷ್ಟಕ್ಕೆ ಅದು ಆ್ಯಕ್ಟಿವೇಟ್ ಆಗುತ್ತದೆ.

ಎರಡು ಅಪವಾದ ಇದೆ. ಕಡಿಮೆ ಬೆಲೆಗೆ ಸಿಗುತ್ತೆ ಅಂತ 'ಡಾಸ್' ಲ್ಯಾಪ್‌ಟಾಪ್ (ವಿಂಡೋಸ್ ಇಲ್ಲದೆ ಬರುವಂಥದ್ದು) ತೆಗೆದುಕೊಂಡಿದ್ದರೆ ಅದರಲ್ಲಿ ಕೀ ಇರುವುದೇ ಇಲ್ಲ. ಇನ್ನೊಂದು, ವಿಂಡೋಸ್ 7 ಅಥವಾ 8 ಕಾಲದ ಕೀಗಳಿಂದ 10, 11ನ್ನು ಹೊಸದಾಗಿ ಆ್ಯಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಆದರೆ ಮಾವ ಅದಕ್ಕೂ ಮುಂಚೆ ವಿಂಡೋಸ್ 10ಕ್ಕೆ ಅಪ್‌ಗ್ರೇಡ್ ಮಾಡಿಕೊಂಡಿದ್ದರೆ ಆ ಹಕ್ಕು ಮೆಷಿನ್ನಿನ ಹೆಸರಿನಲ್ಲಿ ಉಳಿದಿರುತ್ತದೆ. ಗೆಳೆಯ ಹೇಳಿದ ಸಾಫ್ಟ್‌ವೇರನ್ನು ಮಾತ್ರ ಮುಟ್ಟಬೇಡಿ. ಯಾಕೆ ಅನ್ನೋದಕ್ಕೆ ತಿಪಟೂರಿನ ಪತ್ರದ ಉತ್ತರ ಓದಿ.

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಪಾರ್ಟ್ಸ್ ತಂದು ನಾನೇ ಪಿಸಿ ಜೋಡಿಸುತ್ತಿದ್ದೇನೆ. ಗ್ರಾಫಿಕ್ಸ್ ಕಾರ್ಡಿಗೇ ದುಡ್ಡೆಲ್ಲ ಮುಗಿಯಿತು. ಕೀ ಇಲ್ಲದೆ ವಿಂಡೋಸ್ 11 ಹಾಕಿಕೊಂಡು ನಡೆಸಬಹುದಾ? ತಪ್ಪಾ?
(ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಹಾಕಬಹುದು. ಸೆಟಪ್ ಕೀ ಕೇಳುವ ಕಡೆ ಕೆಳಗೆ 'ನನ್ನ ಬಳಿ ಪ್ರಾಡಕ್ಟ್ ಕೀ ಇಲ್ಲ' ಅನ್ನುವ ಆಯ್ಕೆಯನ್ನು ಮೈಕ್ರೋಸಾಫ್ಟೇ ಇಟ್ಟಿದೆ. ಅದನ್ನು ಒತ್ತಿ, ಆವೃತ್ತಿ ಆರಿಸಿ, ಮುಂದುವರಿಯಿರಿ. ಆರಿಸುವಾಗ ಮುಂದೆ ಯಾವುದನ್ನು ಕೊಳ್ಳುತ್ತೀರೋ ಅದನ್ನೇ ಆರಿಸಿ, ಇಲ್ಲದಿದ್ದರೆ ಮೇಲಿನ ವಿದ್ಯಾರ್ಥಿಯ ಕಷ್ಟವೇ ನಿಮಗೂ ಬರುತ್ತದೆ.

ತಪ್ಪಾ ಅಂತ ನೇರವಾಗಿ ಕೇಳಿದ್ದೀರಿ, ನೇರವಾಗೇ ಹೇಳುತ್ತೇನೆ. ತಾಂತ್ರಿಕವಾಗಿ ತಡೆ ಇಲ್ಲ ಅಂದಮಾತ್ರಕ್ಕೆ ಅನುಮತಿ ಇದೆ ಅಂತ ಅರ್ಥವಲ್ಲ. ಹಾಕುವಾಗ ನಾವು ಓದದೇ ಒಪ್ಪಿಕೊಳ್ಳುವ ಒಪ್ಪಂದದಲ್ಲಿ, ಸರಿಯಾದ ಲೈಸೆನ್ಸ್ ಇದ್ದು ಅಸಲಿ ಕೀಯಿಂದಲೋ ಬೇರೆ ಅಧಿಕೃತ ವಿಧಾನದಿಂದಲೋ ಆ್ಯಕ್ಟಿವೇಟ್ ಆಗಿದ್ದರೆ ಮಾತ್ರ ಬಳಸುವ ಹಕ್ಕು ಅಂತ ಬರೆದಿದೆ. ಹೊಸ ಪಿಸಿಯ ಪಾರ್ಟ್ಸ್ ಎಲ್ಲ ಸರಿಯಾಗಿ ಕೆಲಸ ಮಾಡುತ್ತಿವೆಯಾ ಅಂತ ನೋಡಲಿಕ್ಕೆ, ಕೀ ಕೊಳ್ಳುವ ತನಕ ಸ್ವಲ್ಪ ದಿನ ದೂಡಲಿಕ್ಕೆ ಇದು ಅನುಕೂಲ. ವರ್ಷಗಟ್ಟಲೆ ಹಾಗೇ ಇಟ್ಟುಕೊಳ್ಳಿ ಅಂತ ನಾನು ಹೇಳಲ್ಲ.

ಕೊಳ್ಳುವಾಗ 'ರೀಟೇಲ್' ಕೀಯನ್ನೇ ಕೇಳಿ ತೆಗೆದುಕೊಳ್ಳಿ. 'ಒಇಎಂ' (ಕಂಪ್ಯೂಟರ್ ತಯಾರಕರಿಗೆಂದು ಇರುವ) ಅಂತ ಸಿಗುವ ಕೀ ಒಂದು ಮದರ್‌ಬೋರ್ಡಿಗೆ ಅಂಟಿಕೊಂಡರೆ ಅದರ ಜೊತೆಗೇ ಮುಗಿಯಿತು. ರೀಟೇಲ್ ಕೀಯನ್ನು ಹಳೇ ಪಿಸಿಯಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ನಿಮ್ಮ ಹಾಗೆ ಪಾರ್ಟ್ಸ್ ಬದಲಿಸುತ್ತಾ ಇರುವವರಿಗೆ ಅದೇ ಸರಿ.

ಪ್ರಶ್ನೆ: ನಮ್ಮದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ, ಮೂರು ಅಸೆಂಬಲ್ಡ್ ಕಂಪ್ಯೂಟರ್ ಇವೆ. ಸರ್ವೀಸ್ ಹುಡುಗ ಬಂದಾಗ ಆ್ಯಂಟಿವೈರಸ್ ಆಫ್ ಮಾಡಿ ಏನೋ ಒಂದು ರನ್ ಮಾಡುತ್ತಾನೆ, ವಿಂಡೋಸ್ ಆ್ಯಕ್ಟಿವೇಟ್ ಆಗುತ್ತದೆ. ಎಷ್ಟೋ ವರ್ಷದಿಂದ ಹೀಗೇ ನಡೆದಿದೆ, ತೊಂದರೆ ಬಂದಿಲ್ಲ. ಆದರೂ ಮನಸ್ಸಿಗೆ ಕಿರಿಕಿರಿ. ಏನಾದರೂ ಆಗುತ್ತಾ?
(ಅಂಗಡಿ ಮಾಲೀಕರು, ತಿಪಟೂರು)

ಉತ್ತರ: ನಿಮ್ಮ ಕಿರಿಕಿರಿಗೆ ಕಾರಣ ಇದೆ ಸರ್. ಆ ಹುಡುಗ ಏನು ಮಾಡುತ್ತಾನೆ ಅಂತ ಮೊದಲು ತಿಳಿದುಕೊಳ್ಳಿ. ದೊಡ್ಡ ಕಂಪನಿ, ಯೂನಿವರ್ಸಿಟಿಗಳಲ್ಲಿ ನೂರಾರು ಕಂಪ್ಯೂಟರ್ ಇರುತ್ತವೆ. ಒಂದೊಂದಕ್ಕೂ ಕೀ ಹೊಡೆಯುವ ಬದಲು ಅವರು ತಮ್ಮಲ್ಲೇ ಕೆಎಂಎಸ್ ಅನ್ನುವ ಸರ್ವರ್ ಇಟ್ಟುಕೊಳ್ಳುತ್ತಾರೆ. ಕನಿಷ್ಠ 25 ಕಂಪ್ಯೂಟರ್ ಇದ್ದರೆ ಮಾತ್ರ ಅದು ವಿಂಡೋಸ್‌ಗೆ ಕೆಲಸ ಮಾಡುತ್ತದೆ, ಒಮ್ಮೆ ಆ್ಯಕ್ಟಿವೇಟ್ ಆದರೆ 180 ದಿನ ನಡೆಯುತ್ತದೆ, ಅಷ್ಟರೊಳಗೆ ಮತ್ತೆ ಸರ್ವರನ್ನು ಮುಟ್ಟಿ ಬರಬೇಕು. ಅಸಲಿ ಕೀ ಇಲ್ಲದೆ ಆ್ಯಕ್ಟಿವೇಟ್ ಮಾಡುವ ಇಂಥ ಪ್ರೋಗ್ರಾಂಗಳಿಗೆ ಕ್ರ್ಯಾಕ್ ಅನ್ನುತ್ತಾರೆ. ಅವುಗಳಲ್ಲಿ ಬಹಳಷ್ಟು ಇಂಥ ಸರ್ವರಿನ ನಕಲಿಯನ್ನು ನಿಮ್ಮ ಕಂಪ್ಯೂಟರಿನೊಳಗೇ ಕೂರಿಸುತ್ತವೆ, ಇಲ್ಲವೇ ಯಾರದೋ ಗೊತ್ತಿಲ್ಲದ ಸರ್ವರಿಗೆ ಜೋಡಿಸುತ್ತವೆ. ಈಗಲೇ ಒಂದು ಕಂಪ್ಯೂಟರಿನಲ್ಲಿ ಆ್ಯಕ್ಟಿವೇಶನ್ ಪುಟ ತೆರೆದು ನೋಡಿ. 'ನಿಮ್ಮ ಸಂಸ್ಥೆಯ ಆ್ಯಕ್ಟಿವೇಶನ್ ಸೇವೆ ಬಳಸಿ ವಿಂಡೋಸ್ ಆ್ಯಕ್ಟಿವೇಟ್ ಆಗಿದೆ' ಅನ್ನುವ ಅರ್ಥದ ಇಂಗ್ಲಿಷ್ ಸಾಲು ಇದ್ದರೆ, ನಿಮ್ಮ ಅಂಗಡಿಗೆ ಅಂಥ ಸಂಸ್ಥೆ ಎಲ್ಲಿಂದ ಬಂತು, ಅಲ್ವಾ?

ಹತ್ತು ಕ್ರ್ಯಾಕ್‌ಗಳಲ್ಲಿ ಯಾವುದರಲ್ಲಿ ಏನಿದೆ ಅಂತ ಹೊರಗಿನಿಂದ ನೋಡಿ ಹೇಳಲಿಕ್ಕಾಗಲ್ಲ. ಇಲ್ಲಿ ಮುಖ್ಯವಾದದ್ದು ನೀವೇ ಬರೆದ ಒಂದು ಮಾತು: ಆ್ಯಂಟಿವೈರಸ್ ಆಫ್ ಮಾಡುತ್ತಾನೆ. ಕಾವಲನ್ನು ಕಳಿಸಿ, ಅಡ್ಮಿನ್ ಅಧಿಕಾರ ಕೊಟ್ಟು, ಯಾರು ಬರೆದರೋ ಗೊತ್ತಿಲ್ಲದ ಪ್ರೋಗ್ರಾಂ ಓಡಿಸಿದರೆ ಅದು ಪಾಸ್‌ವರ್ಡ್ ಕದಿಯುವುದನ್ನೋ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವುದನ್ನೋ ಜೊತೆಗೆ ಬಿಟ್ಟು ಹೋದರೂ ನಿಮಗೆ ತಿಳಿಯಲ್ಲ. ಕೆಲವು ತಮ್ಮ ಫೋಲ್ಡರನ್ನು ಮುಂದೆಂದೂ ತಪಾಸಣೆ ಮಾಡಬಾರದು ಅಂತ ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರಿನ ಪಟ್ಟಿಗೆ ಸೇರಿಸಿಬಿಡುತ್ತವೆ. ಆಮೇಲೆ ಆ್ಯಂಟಿವೈರಸ್ ಆನ್ ಇದ್ದರೂ ಅತ್ತ ಕಡೆ ನೋಡಲ್ಲ. ನಿಮ್ಮ ಅಂಗಡಿಗೆ ಬರುವವರು ಯಾರು? ಆಧಾರ್, ಪಹಣಿ, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಮಾರ್ಕ್ಸ್ ಕಾರ್ಡ್ ಹಿಡಿದುಕೊಂಡು ಬರುವ ಊರ ಜನ. ಅವರ ಪೆನ್‌ಡ್ರೈವ್ ನಿಮ್ಮ ಕಂಪ್ಯೂಟರಿಗೆ ಚುಚ್ಚುತ್ತಾರೆ, ಅವರ ಓಟಿಪಿ ನಿಮ್ಮ ಬ್ರೌಸರಿನಲ್ಲಿ ಹೊಡೆಯುತ್ತಾರೆ. ಇದು ನಿಮ್ಮೊಬ್ಬರ ಅಪಾಯ ಮಾತ್ರ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ.

ಕಾನೂನಿನ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ, ಅಕ್ರಮ ಪ್ರತಿ ಅಂತ ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಂ ಬಳಸಿದರೆ 7 ದಿನಕ್ಕೆ ಕಡಿಮೆ ಇಲ್ಲದ, 3 ವರ್ಷದವರೆಗಿನ ಜೈಲು ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಲಾಭಕ್ಕೆ, ವ್ಯಾಪಾರಕ್ಕೆ ಬಳಸಿಲ್ಲ ಅಂದರೆ ಕೋರ್ಟು ಜೈಲು ಬಿಟ್ಟು 50 ಸಾವಿರದವರೆಗಿನ ದಂಡ ಮಾತ್ರ ಹಾಕಬಹುದು. ನಿಮ್ಮದು ವ್ಯಾಪಾರ, ಹಾಗಾಗಿ ಆ ರಿಯಾಯಿತಿ ನಿಮಗೆ ಸಿಗಲ್ಲ.

ಒಂದೇ ದಿನದಲ್ಲಿ ಮೂರಕ್ಕೂ ಕೀ ಕೊಳ್ಳಿ ಅಂದರೆ ಕಷ್ಟ, ಗೊತ್ತು. ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಡಿಟಿಪಿ ಕೆಲಸದ ಕಂಪ್ಯೂಟರಿಗೆ ಮೊದಲು ಅಸಲಿ ಕೀ. ನಿಮ್ಮ ಹಳೇ ಮದುವೆ ಕಾರ್ಡು, ಕರಪತ್ರಗಳೆಲ್ಲ ಪೇಜ್‌ಮೇಕರಿನಲ್ಲಿ, ಯುನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಇರುತ್ತವೆ. ಅವನ್ನು ತೆರೆಯಲಿಕ್ಕೆ ವಿಂಡೋಸ್ ಬೇಕೇ ಬೇಕು. ಬರೀ ಆನ್‌ಲೈನ್ ಅರ್ಜಿ ತುಂಬುವ, ಪ್ರಿಂಟ್ ತೆಗೆಯುವ ಕಂಪ್ಯೂಟರಿಗೆ ವಿಂಡೋಸ್ ಬದಲು ನಡೆಯುವ ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿ, ಅದಕ್ಕೆ ಕೀಯೇ ಬೇಡ, ದುಡ್ಡೂ ಬೇಡ. ಆದರೆ ನಿಮ್ಮ ಪ್ರಿಂಟರಿಗೆ ಲಿನಕ್ಸ್ ಡ್ರೈವರ್ ಇದೆಯಾ, ಬೆರಳ ಗುರುತು ಓದುವ ಯಂತ್ರ (ಫಿಂಗರ್‌ಪ್ರಿಂಟ್ ಸ್ಕ್ಯಾನರ್) ಅದರಲ್ಲಿ ನಡೆಯುತ್ತದಾ ಅಂತ ಮೊದಲು ನೋಡಿಕೊಳ್ಳಿ. ಫಿಂಗರ್‌ಪ್ರಿಂಟ್ ಸ್ಕ್ಯಾನರ್ ನಡೆಯದಿದ್ದರೆ ಅದೊಂದನ್ನು ವಿಂಡೋಸ್ ಕಂಪ್ಯೂಟರಿಗೇ ಜೋಡಿಸಿ. ಮೂರನೆಯದಕ್ಕೆ ಬಿಡುವಾದಾಗ ಕೀ ಕೊಂಡರಾಯಿತು. ಅಲ್ಲಿಯವರೆಗೂ ಕ್ರ್ಯಾಕ್ ಇರುವ ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕದೇ ಯಾವುದರಲ್ಲೂ ಬ್ಯಾಂಕ್ ವ್ಯವಹಾರ ಮಾಡಬೇಡಿ. ಕ್ರ್ಯಾಕನ್ನು ಡಿಲೀಟ್ ಮಾಡಿದರೆ ಸಾಲದು.

ಪ್ರಶ್ನೆ: ಆನ್‌ಲೈನಿನಲ್ಲಿ 399 ರೂಪಾಯಿಗೆ ವಿಂಡೋಸ್ 11 ಪ್ರೊ 'ಲೈಫ್‌ಟೈಮ್ ಕೀ' ಸಿಗುತ್ತಿದೆ. ಅಸಲಿ ಅಂತ ಬರೆದಿದ್ದಾರೆ. ತೆಗೆದುಕೊಳ್ಳಲಾ?
(ಓದುಗರು, ಹೊಸಪೇಟೆ)

ಉತ್ತರ: ಬೇಡ. ಕೀ ಕೆಲಸ ಮಾಡಬಹುದು, ಆದರೂ ಬೇಡ. ಇಂಥವು ಹೆಚ್ಚಾಗಿ ಯಾವುದೋ ಕಂಪನಿಗೋ ಕಾಲೇಜಿಗೋ ಒಟ್ಟಾಗಿ ಕೊಟ್ಟ ಕೀಗಳು, ಒಂದನ್ನೇ ಹಲವರಿಗೆ ಮಾರುತ್ತಾರೆ. ದುರುಪಯೋಗ ಗೊತ್ತಾದಾಗ ಮೈಕ್ರೋಸಾಫ್ಟ್ ಅದನ್ನು ಬ್ಲಾಕ್ ಮಾಡುತ್ತದೆ, ಆಗ ಮಾರಿದವನು ಸಿಗಲ್ಲ. ಕೀ ಇದ್ದಮಾತ್ರಕ್ಕೆ ಲೈಸೆನ್ಸ್ ಇದ್ದ ಹಾಗಲ್ಲ. ಬಿಲ್ ಕೊಡದವರ ಹತ್ತಿರ ಕೊಳ್ಳಲೇಬೇಡಿ.

ಪ್ರಶ್ನೆ: ಮದರ್‌ಬೋರ್ಡ್ ಸುಟ್ಟುಹೋಗಿ ಬದಲಿಸಿದೆ. ಮೊದಲು ಅಸಲಿ ವಿಂಡೋಸ್ ಇತ್ತು, ಈಗ ಕೀ ಕೇಳುತ್ತಿದೆ. ನ್ಯಾಯವಾ ಇದು?
(ಓದುಗರು, ಉಡುಪಿ)

ಉತ್ತರ: ಲೈಸೆನ್ಸ್ ಮದರ್‌ಬೋರ್ಡಿಗೆ ಗಂಟು ಬಿದ್ದಿರುವುದರಿಂದ ವಿಂಡೋಸ್ ಇದನ್ನು ಬೇರೆಯೇ ಕಂಪ್ಯೂಟರ್ ಅಂದುಕೊಂಡಿದೆ. ಮೊದಲೇ ಮೈಕ್ರೋಸಾಫ್ಟ್ ಖಾತೆಗೆ ಲೈಸೆನ್ಸ್ ಜೋಡಿಸಿದ್ದರೆ ಅದೇ ಖಾತೆಯಲ್ಲಿ ಲಾಗಿನ್ ಆಗಿ, ಆ್ಯಕ್ಟಿವೇಶನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ. 'ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ' ಅನ್ನುವ ಆಯ್ಕೆ ಬರುತ್ತದೆ, ಹಳೇ ಕಂಪ್ಯೂಟರಿನ ಹೆಸರನ್ನು ಆರಿಸಿ. ರೀಟೇಲ್ ಲೈಸೆನ್ಸ್ ಆದರೆ ಸರಿಹೋಗುತ್ತದೆ. ಕಂಪನಿ ಲ್ಯಾಪ್‌ಟಾಪ್ ಆಗಿದ್ದು ಕಂಪನಿಯ ಸರ್ವೀಸ್ ಸೆಂಟರೇ ಬೋರ್ಡ್ ಬದಲಿಸಿದ್ದರೆ, ಕೀಯನ್ನು ಹೊಸ ಬೋರ್ಡಿಗೆ ಬರೆದುಕೊಡಿ ಅಂತ ಅವರನ್ನೇ ಕೇಳಿ.

ಪ್ರಶ್ನೆ: ನಮ್ಮ ಶಾಲೆಗೆ ದಾನಿಗಳು ಹಳೇ ಕಂಪ್ಯೂಟರ್ ಕೊಟ್ಟಿದ್ದಾರೆ. ವಿಂಡೋಸ್ 10 ಇದೆ, ಆ್ಯಕ್ಟಿವೇಟ್ ಕೂಡ ಆಗಿದೆ. 11ಕ್ಕೆ ಹೋಗಲ್ಲ ಅಂತ ತೋರಿಸುತ್ತಿದೆ. ಮಕ್ಕಳಿಗೆ ನುಡಿ ಟೈಪಿಂಗ್ ಕಲಿಸಬೇಕು. ಏನು ಮಾಡಲಿ?
(ಶಿಕ್ಷಕಿ, ಸಿಂಧನೂರು)

ಉತ್ತರ: ಮೇಡಂ, ನಿಮ್ಮ ಲೈಸೆನ್ಸಿನಲ್ಲಿ ತಪ್ಪೇನೂ ಇಲ್ಲ. ವಿಂಡೋಸ್ 10ರ ಮಾಮೂಲಿ ಸೆಕ್ಯುರಿಟಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. 11ಕ್ಕೆ ಟಿಪಿಎಂ 2.0 ಅನ್ನುವ ಸುರಕ್ಷತೆಯ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದೋ ಅದರ ನಂತರದ್ದೋ ಪ್ರೊಸೆಸರ್ ಬೇಕು. ಹಳೇ ಮೆಷಿನ್ನುಗಳಲ್ಲಿ ಅದಿರಲ್ಲ.

ಇಲ್ಲಿ ಲಿನಕ್ಸ್ ಬಿಟ್ಟರೆ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ಪಕ್ಕದ ಕೇರಳದ ಸರಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷದಿಂದ ಉಬುಂಟು ಆಧಾರಿತ ವ್ಯವಸ್ಥೆಯಲ್ಲೇ ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. 4 ಜಿಬಿ ರ್‍ಯಾಮ್ ಇದ್ದರೆ ಚೆನ್ನಾಗಿ ನಡೆಯುತ್ತದೆ. ಲಿಬ್ರೆ ಆಫೀಸ್ ಅದರಲ್ಲೇ ಬರುತ್ತದೆ. ಕನ್ನಡ ಟೈಪಿಂಗ್‌ಗೆ ಐಬಸ್ ಅನ್ನುವ ವ್ಯವಸ್ಥೆ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿಕೊಂಡು, ಕನ್ನಡದ ಕೆಳಗೆ 'ಕೆಜಿಪಿ' ಆರಿಸಿ. ಕನ್ನಡ ಗಣಕ ಪರಿಷತ್ತಿನ ನುಡಿ ಕೀಲಿಮಣೆಯ ವಿನ್ಯಾಸ ಅದೇ. ಹೊಡೆದದ್ದು ಯುನಿಕೋಡಿನಲ್ಲಿ ಬರುವುದರಿಂದ ಮಕ್ಕಳು ಬರೆದದ್ದನ್ನು ಮೊಬೈಲಿನಲ್ಲೂ ಓದಬಹುದು.

ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ. ಲಿನಕ್ಸನ್ನು ಹಾಕದೆಯೇ ಪೆನ್‌ಡ್ರೈವಿನಿಂದ ನೇರ ಓಡಿಸಿ ನೋಡಬಹುದು, ಒಳಗಿನ ವಿಂಡೋಸ್‌ಗೆ ಏನೂ ಆಗಲ್ಲ. ಒಂದು ಕಂಪ್ಯೂಟರಿನಲ್ಲಿ ಹಾಗೆ ಓಡಿಸಿ, ವೈಫೈ, ಸೌಂಡ್, ಶಾಲೆಯ ಪ್ರೊಜೆಕ್ಟರ್, ಪ್ರಿಂಟರ್ ನಾಲ್ಕೂ ನಡೆಯುತ್ತವೆಯಾ ನೋಡಿ. ನಡೆದರೆ ಉಳಿದವಕ್ಕೂ ಹಾಕಿ. ಯಾವುದಾದರೂ ಕೈಕೊಟ್ಟರೆ ಕಂಪ್ಯೂಟರಿನ ಮಾಡೆಲ್ ನಂಬರ್ ಸಮೇತ ನಮಗೆ ಬರೆಯಿರಿ.