ಬಿಎಸ್ಸಿ ಓದುವವರಿಗೆ ಮಂಗಳೂರು, ಉಡುಪಿಯ ಕಾಲೇಜುಗಳಲ್ಲಿ ಕಲೆ ಕಲಿಯಲು ಅವಕಾಶವಿದೆಯೇ?

ಮಗಳನ್ನು ಇಲ್ಲಿ ಬಿಎಸ್ಸಿಗೆ ಸೇರಿಸುತ್ತಿದ್ದೇವೆ, ಪ್ರಯೋಗಾಲಯ, ಪರೀಕ್ಷೆಗಳ ನಡುವೆ ಅವಳ ಯಕ್ಷಗಾನದ ಆಸೆ ಬತ್ತಿಹೋದೀತೇ ಎಂದು ಕೇಳಿದ್ದೀರಿ. ನಾನು ಉಡುಪಿಯಲ್ಲಿ ಬಿಎಸ್ಸಿ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದಿದವಳು. ಗೆಜ್ಜೆ ಕಟ್ಟಿದ್ದು ಕಾಲೇಜಿಗೆ ಬಂದ ಮೇಲೆಯೇ. ಆಸೆ ಬತ್ತುವುದಿಲ್ಲ, ಆದರೆ ಕಾಲೇಜನ್ನು ನೋಡಿ ಆರಿಸಿಕೊಳ್ಳಬೇಕು.

ಮಾಹಿತಿ ಪುಸ್ತಿಕೆಯ ವಾರ್ಷಿಕೋತ್ಸವದ ಫೋಟೋಗಳನ್ನು ನಂಬಬೇಡಿ. ವಾರದಲ್ಲಿ ಯಾವ ದಿನ, ಎಷ್ಟು ಗಂಟೆಗೆ, ಯಾವ ಕೋಣೆಯಲ್ಲಿ ತರಗತಿ, ಕಲಿಸುವವರು ಯಾರು ಎಂದು ಕೇಳಿ. ಸ್ಪರ್ಧೆಗೆ ಹದಿನೈದು ದಿನ ಇರುವಾಗ ಮಾತ್ರ ಗುರುಗಳನ್ನು ಕರೆಸುವ ಕಡೆ ಮೊದಲೇ ಬಲ್ಲವರು ಬಹುಮಾನ ತರುತ್ತಾರೆ, ಹೊಸಬರು ಪರದೆ ಹಿಡಿಯುತ್ತಾರೆ.

ನಮ್ಮಲ್ಲಿ ವಾರಕ್ಕೆರಡು ಸಂಜೆ ತರಗತಿ ಇತ್ತು. ಮೊದಲ ತಿಂಗಳಿಡೀ ಒಂದೇ ತಾಳದ ಹೆಜ್ಜೆ. ಗುರುಗಳು ಚೆಂಡೆ ತರಿಸುತ್ತಿರಲಿಲ್ಲ, ಮರದ ತುಂಡಿನಿಂದ ಬೆಂಚು ಬಡಿದೇ ತಾಳ ಕೊಡುತ್ತಿದ್ದರು. ಎರಡನೆಯ ವರ್ಷ ನನಗೆ ಅಭಿಮನ್ಯು ಸಿಕ್ಕಿತು. ಚಕ್ರವ್ಯೂಹ ಹೊಗಲು ಧರ್ಮರಾಯನ ಅಪ್ಪಣೆ ಕೇಳುವ ಸಂದರ್ಭದಲ್ಲಿ ನನ್ನ ಬಾಯಿಂದ ‘ಟೈಮ್’ ಎಂಬ ಮಾತು ಬಂದುಬಿಟ್ಟಿತು. ಯಕ್ಷಗಾನದ ಅರ್ಥದಲ್ಲಿ, ಅಂದರೆ ಪಾತ್ರಧಾರಿ ಆಡುವ ಮಾತಿನಲ್ಲಿ, ಇಂಗ್ಲಿಷ್ ಶಬ್ದ ಸಲ್ಲದು. ಬೆಂಚಿನ ಸದ್ದು ನಿಂತಿತು. ‘ಸಮಯ’ ಎಂದೆ. ಗುರುಗಳು ತಲೆ ಅಲ್ಲಾಡಿಸಿದರು. ‘ಹೊತ್ತು’ ಎಂದೆ. ಅದಕ್ಕೂ ಸುಮ್ಮನಿದ್ದರು. ಕೊನೆಗೆ ‘ಒಂದು ಗಳಿಗೆ ಸಾಕು ದೊಡ್ಡಪ್ಪ’ ಎಂದಾಗ ಮರದ ತುಂಡು ಮತ್ತೆ ಬೆಂಚಿಗೆ ಬಿತ್ತು. ಇಂಗ್ಲಿಷ್ ಮಾಧ್ಯಮದಲ್ಲೇ ಓದಿಕೊಂಡು ಬಂದ ನನಗೆ ಕನ್ನಡದ ಮೇಲೆ ಹಿಡಿತ ಬಂದದ್ದು ಆ ಕೋಣೆಯಲ್ಲಿ.

ವಿಶ್ವವಿದ್ಯಾಲಯದ ಮಟ್ಟದಲ್ಲಿ ಏನಿದೆ ಎಂದೂ ಕೇಳಿದ್ದೀರಿ. ಮಂಗಳೂರು ವಿಶ್ವವಿದ್ಯಾಲಯ 1980ರಲ್ಲಿ ಆದದ್ದು, ಕೊಣಾಜೆಯ ಆವರಣದಲ್ಲಿ ಯಕ್ಷಗಾನ ಅಧ್ಯಯನ ಕೇಂದ್ರವೇ ಇದೆ. ನಾನು ಓದುವಾಗ ಪದವಿಯಲ್ಲಿ ಪಠ್ಯೇತರ ಚಟುವಟಿಕೆಗೂ ಅಂಕವಿತ್ತು. ಅಂಕದ ಆಸೆಗೆ ಬಂದವರಲ್ಲಿ ಅರ್ಧ ಜನ ಉಳಿದುಕೊಂಡದ್ದನ್ನು ನೋಡಿದ್ದೇನೆ, ಹಾಗಾಗಿ ಆ ಕ್ರಮವನ್ನು ಹಗುರವಾಗಿ ಕಾಣಲಾರೆ. ಅಂತರ ಕಾಲೇಜು ಸ್ಪರ್ಧೆಗಳಲ್ಲಿ ಗೆದ್ದವರಿಗೆ ಮುಂದೆ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟದ ಯುವಜನೋತ್ಸವದ ದಾರಿಯಿದೆ. ಅಲ್ಲಿ ಏಕಾಂಕ ನಾಟಕ, ಮೂಕಾಭಿನಯ, ಮಣ್ಣಿನ ಶಿಲ್ಪ, ವ್ಯಂಗ್ಯಚಿತ್ರ, ರಂಗೋಲಿಗೂ ಜಾಗವಿದೆ. ಆದರೆ ಇಡೀ ರಾತ್ರಿಯ ಆಟ ಕಂಡವರಿಗೆ ಜನಪದ ನೃತ್ಯದ ಹೆಸರಿನಲ್ಲಿ ಕೆಲವೇ ನಿಮಿಷಕ್ಕೆ ಕತ್ತರಿಸಿದ ಯಕ್ಷಗಾನ ಸಂಕಟವನ್ನೇ ಕೊಡುತ್ತದೆ. ಅಲ್ಲಿ ಕುಣಿತ ಉಳಿಯುತ್ತದೆ, ಅರ್ಥ ಹೋಗುತ್ತದೆ.

ಗಂಭೀರವಾಗಿ ಕಲಿಯುವ ಮನಸ್ಸಿದ್ದರೆ ಉಡುಪಿಯ ಇಂದ್ರಾಳಿಯ ಯಕ್ಷಗಾನ ಕೇಂದ್ರವನ್ನು ಒಮ್ಮೆ ನೋಡಿ ಬನ್ನಿ. ಎಂಜಿಎಂ ಕಾಲೇಜಿನ ಪ್ರಾಂಶುಪಾಲರಾಗಿದ್ದ ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ 1971ರಲ್ಲಿ ಶುರುವಾದದ್ದು ಅದು. ಶಿವರಾಮ ಕಾರಂತರ ಪ್ರಯೋಗಗಳಿಗೂ ನೆಲೆಯಾಗಿತ್ತು, ಈಗ ಮಣಿಪಾಲದ ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ಅಲ್ಲಿ ಮಕ್ಕಳು ಗುರುಕುಲದ ಕ್ರಮದಲ್ಲಿ ಉಳಿದುಕೊಂಡೇ ಕಲಿಯುತ್ತಾರೆ. ವಿಶ್ವವಿದ್ಯಾಲಯವೊಂದು ಕಲೆಗೆ ಕೊಡಬಹುದಾದದ್ದರಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ.

ಇನ್ನೊಂದು ಮಾತು, ಹಾಜರಾತಿಯದು. ನಮ್ಮ ತಂಡದ ಒಬ್ಬಳು ಪ್ರದರ್ಶನಕ್ಕೆ ಹೋದ ಮೂರು ದಿನಗಳ ಹಾಜರಾತಿ ಸಿಗದೆ ಪರೀಕ್ಷೆಗೆ ಕೂರಲು ಅಲೆದಾಡಿದಳು. ಮುಂದಿನ ವರ್ಷ ಅವಳು ಬಣ್ಣ ಹಚ್ಚಲಿಲ್ಲ. ಆದ್ದರಿಂದ ಈ ವಿಷಯವನ್ನು ಪ್ರಾಂಶುಪಾಲರಲ್ಲಿ ನೇರವಾಗಿ ಕೇಳಿ. ಆಮೇಲೆ ಒಂದು ಸಂಜೆ ಐದು ಗಂಟೆಯ ಹೊತ್ತಿಗೆ ಮಗಳನ್ನು ಕರೆದುಕೊಂಡು ಹೋಗಿ, ಅಭ್ಯಾಸದ ಕೋಣೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಅಲ್ಲಿನ ವಿದ್ಯಾರ್ಥಿಗಳನ್ನು ವಿಚಾರಿಸಿ. ನಮ್ಮಲ್ಲಿ ಅದು ಕ್ಯಾಂಟೀನಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆದುಕೊಳ್ಳಬಹುದಿತ್ತು.