ಟೀಚರ್‌ಗೇ 42 ಅಂಕ ಬಂದಾಗ

ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಸಾಲ ಮಾಡಿ, ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂ.ಎ. ಎಜುಕೇಶನ್ ಓದಲು ಹೋದವರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಮೊದಲ ಪ್ರಬಂಧಕ್ಕೆ 42 ಅಂಕ, ಪಾಸಾಗಲು 50 ಬೇಕು. ನಿದ್ದೆಯಿಲ್ಲ, ಮನೆಯವರಿಗೆ ಹೇಳಿಲ್ಲ, ಬಿಟ್ಟು ಬರುವ ಯೋಚನೆ. ಮೊದಲ ಸೆಮಿಸ್ಟರಿನ ಅಂಕ ಬಂದಾಗ ಆಪ್ತಸಲಹೆಗಾರ್ತಿಯಾದ ನನಗೆ ಇಂಥ ಕರೆಗಳು ಬರುತ್ತಲೇ ಇರುತ್ತವೆ. ಆಗತಾನೇ ಡಿಗ್ರಿ ಮುಗಿಸಿದವರಿಗಿಂತ ಅನುಭವಿ ಶಿಕ್ಷಕರೇ ಹೆಚ್ಚು ಕುಸಿಯುತ್ತಾರೆ. ಇಷ್ಟು ವರ್ಷ ಅಂಕ ಹಾಕಿದವರು ಅವರಲ್ಲವೇ?

ಎರಡನೇ ಭೇಟಿಯಲ್ಲಿ ಪ್ರಬಂಧವನ್ನೇ ಓದಿ ಹೇಳಲು ಕೇಳಿದೆ. ಪ್ಯಾರಾ ಪ್ಯಾರಾಕ್ಕೂ, ಮಕ್ಕಳ ಕಲಿಕೆಯ ಬಗ್ಗೆ ಸಿದ್ಧಾಂತ ಮಂಡಿಸಿದ ಮನೋವಿಜ್ಞಾನಿಗಳ ಹೆಸರು: ‘ಪಿಯಾಜೆ ಹೀಗೆನ್ನುತ್ತಾರೆ, ವೈಗಾಟ್‌ಸ್ಕಿ ಹಾಗೆನ್ನುತ್ತಾರೆ’. ಮೌಲ್ಯಮಾಪಕರ ಟಿಪ್ಪಣಿ: ವಿವರಣೆಯಿದೆ, ವಿಮರ್ಶೆಯಿಲ್ಲ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ವಲಯದಲ್ಲಿ ಕಲಿಕೆ ನಡೆಯುತ್ತದೆ, ಆ ನೆರವು ಹೆಚ್ಚು ಬಲ್ಲ ಸಹಪಾಠಿಯಿಂದಲೂ ಸಿಗಬಹುದು ಎಂಬ ವೈಗಾಟ್‌ಸ್ಕಿಯವರ ಮಾತು ಬಂದಾಗ ತಡೆದು ಕೇಳಿದೆ: “ಮೇಡಂ, ನಿಮ್ಮ ಕ್ಲಾಸಲ್ಲಿ ಇದು ನಡೀತಿತ್ತಾ?”

“ಎಲ್ಲಿ ನಡೆಯತ್ತೆ ಮೇಡಂ? ಅರವತ್ತು ಮಕ್ಕಳು. ಬೆಂಚಿಗೊಬ್ಬ ಚುರುಕು ಹುಡುಗನನ್ನ ಕೂರಿಸ್ತಿದ್ದೆ. ಅವನು ಉತ್ತರ ತೋರಿಸ್ತಿದ್ದ ಅಷ್ಟೆ, ಕಲಿಸ್ತಿರಲಿಲ್ಲ. ಹೆಚ್ಚು ಗೊತ್ತಿದ್ರೆ ಸಾಕಾ, ಹೇಳಿಕೊಡೋಕೂ ಬರಬೇಕಲ್ಲ!”

ಮೌಲ್ಯಮಾಪಕರು ಕೇಳಿದ್ದ ವಿಮರ್ಶೆ ಇದೇ. ಅದನ್ನು ಪ್ರಬಂಧದಲ್ಲಿ ಏಕೆ ಬರೆಯಲಿಲ್ಲ ಎಂದರೆ, “ದೊಡ್ಡವರ ಮಾತು ತಪ್ಪು ಅಂತ ನಾನು ಬರೆಯೋದಾ?” ಎಂದರು. ಬಿ.ಇಡಿ. ಪರೀಕ್ಷೆಯಲ್ಲಿ ಸಿದ್ಧಾಂತವನ್ನು ಒಪ್ಪಿಸಿ ಅಂಕ ಪಡೆದವರಿಗೆ ಈ ಹಿಂಜರಿಕೆ ಸಹಜ.

ಕೊಟ್ಟ ಸಲಹೆ ಹೀಗಿತ್ತು. ಪ್ರತಿ ಪ್ಯಾರಾವೂ ನಿಮ್ಮ ವಾದದಿಂದ ಶುರುವಾಗಲಿ, ಸಿದ್ಧಾಂತಿಯ ಹೆಸರಿನಿಂದ ಬೇಡ. ಆಮೇಲೆ ಆಧಾರ, ಅದಕ್ಕೆ ವಿರುದ್ಧವಾದ ಇನ್ನೊಂದು ಅಧ್ಯಯನ, ಬಳಿಕ ಈ ಸಿದ್ಧಾಂತ ಯಾವ ಪರಿಸ್ಥಿತಿಯಲ್ಲಿ ಅನ್ವಯಿಸುತ್ತದೆ, ಎಲ್ಲಿ ಅನ್ವಯಿಸುವುದಿಲ್ಲ ಎಂಬ ನಿಮ್ಮ ತೀರ್ಮಾನ. ತರಗತಿಯ ಅನುಭವವನ್ನು ಪ್ರಶ್ನೆ ಎತ್ತಲು ಬಳಸಿ. ಅದೊಂದೇ ಪುರಾವೆಯಾದರೆ ಮತ್ತೆ ಅಂಕ ಹೋಗುತ್ತದೆ. ಟ್ಯೂಟರ್ ಬಳಿ ‘ಇನ್ನೂ ಚೆನ್ನಾಗಿ ಬರೆಯೋದು ಹೇಗೆ’ ಎಂದು ಕೇಳಬೇಡಿ. ತಿದ್ದಿದ ಒಂದು ಪ್ಯಾರಾ ಹಿಡಿದು ಹೋಗಿ, ಇದರಲ್ಲಿ ವಿಮರ್ಶೆ ಕಾಣುತ್ತಿದೆಯೇ ಎಂದು ಕೇಳಿ. ಮರುಸಲ್ಲಿಕೆಗೆ ಸಾಮಾನ್ಯವಾಗಿ 50ಕ್ಕಿಂತ ಹೆಚ್ಚು ಕೊಡುವುದಿಲ್ಲ, ಅದನ್ನೂ ಮೊದಲೇ ತಿಳಿದಿರಿ.

ಆಪ್ತಸಲಹೆಗಾರರು ಟ್ಯೂಷನ್ ಹೇಳುವುದೇಕೆ ಎಂಬ ಆಕ್ಷೇಪ ಗೊತ್ತಿದೆ. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆ, ಬೇಡವೆನ್ನುವುದಿಲ್ಲ. ಆದರೆ ನಿದ್ದೆಗೆಡಿಸಿದ ಕಾರಣ ಕಣ್ಣೆದುರೇ ಇರುವಾಗ ಅದನ್ನು ಮುಟ್ಟದೆ ಬರೀ ಸಮಾಧಾನ ಹೇಳುವುದು ಅರ್ಧ ಕೆಲಸ.

ಬಿಟ್ಟು ಬರುವ ಮಾತಿಗೆ ‘ಬೇಡ’ ಎನ್ನಲಿಲ್ಲ, ಲೆಕ್ಕ ಹಾಕಿಸಿದೆ. ಕೋರ್ಸ್ ಬಿಟ್ಟರೆ ವಿಶ್ವವಿದ್ಯಾಲಯ ಅದನ್ನು ಬ್ರಿಟನ್ನಿನ ಗೃಹ ಇಲಾಖೆಗೆ ತಿಳಿಸಲೇಬೇಕು, ವಿದ್ಯಾರ್ಥಿ ವೀಸಾ ಮೊಟಕಾಗುತ್ತದೆ. ಪೂರ್ಣ ಎಂ.ಎ.ಗೆ 180 ಕ್ರೆಡಿಟ್. ಅನೇಕ ಕಡೆ 60 ಮುಗಿಸಿದವರಿಗೆ ಸ್ನಾತಕೋತ್ತರ ಸರ್ಟಿಫಿಕೇಟ್, 120ಕ್ಕೆ ಡಿಪ್ಲೊಮಾ ಕೊಟ್ಟು ಕಳಿಸುವ ದಾರಿಯಿದೆ. ಹಾಗಾಗಿ ಬಿಡುವುದೇ ಆದರೂ ಮುಂದಿನ ಮೈಲಿಗಲ್ಲಿನ ತನಕ ತಡೆಯಿರಿ, ಮನೆಯವರಿಗೆ ಈ ವಾರವೇ ಹೇಳಿ ಎಂದೆ. ಎರಡನೆಯದೇ ಅವರಿಗೆ ಕಷ್ಟವಾಯಿತು. ಯಜಮಾನರಿಗೆ ಫೋನಿನಲ್ಲಿ ಹೇಳುವ ಮಾತುಗಳನ್ನು ಆ ದಿನ ಇಬ್ಬರೂ ಕೂತು ಬರೆದೆವು.